ಗಾಡಿ ಕೈದಾಟಿದರೆ ಸಾಲದು, ಹೆಸರೂ ದಾಟಬೇಕು

ತಲಪಾಡಿ ದಾಟಿದರೆ ಮಂಗಳೂರು ಅರ್ಧ ಗಂಟೆಯ ದಾರಿ. ಆಸ್ಪತ್ರೆಗೂ ಕಾಲೇಜಿಗೂ ಮದುವೆಯ ಜವಳಿಗೂ ಅತ್ತ ಕಡೆಗೇ ಹೋಗುವ ನಮ್ಮ ಜಿಲ್ಲೆಯ ಕನ್ನಡ ಮನೆಗಳವರು ಕಾರು, ಬೈಕುಗಳನ್ನೂ ಅಲ್ಲಿಂದಲೇ ತರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊಸತನ್ನು ಷೋರೂಮಿನಿಂದ ತರುವವರು ಕೆಲವರಾದರೆ, ಹಳೆಯದನ್ನು ನೆಂಟರಿಂದಲೋ ದಲ್ಲಾಳಿಯಿಂದಲೋ ಕೊಳ್ಳುವವರು ಹಲವರು. ಭಾಷೆ ಒಂದೇ, ಮುಖ ಪರಿಚಯದ್ದು, ಮಾತಿನ ಮೇಲೆ ವಿಶ್ವಾಸ. ಹಣ ಎಣಿಸಿ ಕೊಟ್ಟು ಕೀಲಿಕೈ ಪಡೆದರೆ ವ್ಯಾಪಾರ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಮೋಟಾರು ವಾಹನ ಕಾನೂನಿಗೆ ಯಾರ ಮುಖ ಪರಿಚಯವೂ ಇಲ್ಲ. ಅದು ನೋಡುವುದು ಆರ್.ಸಿ. ಪುಸ್ತಕದಲ್ಲಿರುವ ಹೆಸರನ್ನು ಮಾತ್ರ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೊಂದನ್ನು ಈ ಸಂದರ್ಭದಲ್ಲಿ ನಮ್ಮ ಓದುಗರ ಗಮನಕ್ಕೆ ತರಬೇಕೆನಿಸುತ್ತದೆ. ಒಬ್ಬರು 2007ರಲ್ಲಿ ತಮ್ಮ ಕಾರನ್ನು ಮಾರಿದ್ದರು. ಅದು ಕೈಯಿಂದ ಕೈಗೆ ದಾಟುತ್ತಾ ಹೋಗಿ 2009ರಲ್ಲಿ ಬೇರೊಬ್ಬರ ವಶದಲ್ಲಿದ್ದಾಗ ಅಪಘಾತವಾಯಿತು, ಜೀವಹಾನಿಯೂ ಆಯಿತು. ಇಷ್ಟು ಜನರ ಕೈದಾಟಿದ್ದರೂ ಆರ್.ಸಿ.ಯಲ್ಲಿ ಹೆಸರು ಮೊದಲಿನವರದೇ ಇತ್ತು. ಪರಿಹಾರದ ಹೊಣೆ ಆ ಮೊದಲಿನವರದೇ ಎಂದು ನ್ಯಾಯಾಲಯ ಹೇಳಿತು. ನೊಂದವರು ಯಾರು ಯಾರಿಗೆ ಮಾರಿದರೆಂದು ಹುಡುಕುತ್ತಾ ಅಲೆಯುವಂತಾಗಬಾರದು, ನೋಂದಣಿಯಲ್ಲಿರುವವನೇ ಕಾನೂನಿನ ಕಣ್ಣಿಗೆ ಮಾಲಿಕ ಎಂಬುದು ಅದರ ಸಾರಾಂಶ. ನ್ಯಾಯವಾದ ಮಾತೇ. ಆದರೆ ಮಾರಿದವನಿಗೆ ಅದು ಸಿಡಿಲಿನಂತೆ ಎರಗುತ್ತದೆ.

ನಮ್ಮ ಊರಿಗೆ ಹೊಂದಿಸಿ ನೋಡೋಣ. ಬದಿಯಡ್ಕ ಕಡೆಯ ಕೃಷಿಕರೊಬ್ಬರು ತಮ್ಮ ಹಳೆಯ ಜೀಪನ್ನು ವಿಟ್ಲದ ನೆಂಟರೊಬ್ಬರಿಗೆ ಕೊಟ್ಟರೆಂದು ಇಟ್ಟುಕೊಳ್ಳಿ. "ಹೆಸರು ಬದಲಾವಣೆಯನ್ನು ಮಳೆಗಾಲ ಕಳೆದ ಮೇಲೆ ಮಾಡಿಸಿಕೊಳ್ಳುತ್ತೇನೆ ಭಾವ" ಎಂದು ಅವರು. "ಆಗಲಿ, ಅವಸರವೇನಿಲ್ಲ" ಎಂದು ಇವರು. ಮಳೆಗಾಲ ಮೂರು ಕಳೆಯುತ್ತವೆ. ನಡುವೆ ಇನ್ಷೂರೆನ್ಸ್ ಕಟ್ಟುವುದು ನೆಂಟರಿಗೆ ಮರೆತುಹೋಗುತ್ತದೆ. ಒಂದು ದಿನ ಪುತ್ತೂರು ರಸ್ತೆಯಲ್ಲಿ ಜೀಪು ಯಾರಿಗೋ ಬಡಿಯುತ್ತದೆ. ನೋಟೀಸು ಬರುವುದು ಬದಿಯಡ್ಕಕ್ಕೆ. ಪರಿಹಾರದ ಹಣವನ್ನು ಕಟ್ಟದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯಿದೆಯಲ್ಲಿ ಅವಕಾಶವಿದೆ. ಅಂದರೆ ಕೈ ಬೀಳುವುದು ಅಡಿಕೆ ತೋಟದ ಮೇಲೆ. ಜೀಪಿಗೆ ಸಿಕ್ಕಿದ್ದೆಷ್ಟು, ತೋಟದ ಬೆಲೆ ಎಷ್ಟು ಎಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು. ನೆಂಟಸ್ತಿಕೆ ಕೆಡುವ ಲೆಕ್ಕ ಬೇರೆಯೇ.

ಹಾಗಾದರೆ ಮಾಡಬೇಕಾದ್ದೇನು? 1988ರ ಮೋಟಾರು ವಾಹನ ಕಾಯಿದೆಯ 50ನೇ ಸೆಕ್ಷನಿನ ಪ್ರಕಾರ, ಗಾಡಿ ಮಾರಿದವರು ಅದೇ ರಾಜ್ಯದೊಳಗಿನ ವ್ಯವಹಾರವಾದರೆ 14 ದಿನಗಳಲ್ಲಿ, ಹೊರ ರಾಜ್ಯಕ್ಕೆ ಕೊಟ್ಟದ್ದಾದರೆ 45 ದಿನಗಳಲ್ಲಿ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ಅರ್ಜಿ ಹಾಕಬೇಕು. ಮಾರಾಟದ ತಿಳುವಳಿಕೆಗೆ 29ನೇ ಫಾರ್ಮು, ಹೆಸರು ವರ್ಗಾವಣೆಗೆ 30ನೇ ಫಾರ್ಮು. ಇವುಗಳ ಕೆಲಸ ಈಗ ಸಾಮಾನ್ಯವಾಗಿ ಪರಿವಾಹನ್ ಜಾಲತಾಣದ ಮೂಲಕವೇ ಆರಂಭವಾಗುತ್ತದೆ. ತಿಳುವಳಿಕೆ ಕೊಟ್ಟ ದಾಖಲೆಯ ಒಂದು ಪ್ರತಿಯನ್ನು ಮನೆಯ ಜಾಗದ ಪತ್ರಗಳ ಜತೆಗೇ ಇಟ್ಟುಕೊಳ್ಳಿ. ಆದರೆ ತಿಳುವಳಿಕೆ ಕೊಟ್ಟೆವೆಂದು ಕಣ್ಣುಮುಚ್ಚಿ ಕುಳಿತುಕೊಳ್ಳುವುದು ಸರಿಯಲ್ಲ. ಒಂದೆರಡು ತಿಂಗಳ ಬಳಿಕ ಅದೇ ಜಾಲತಾಣದಲ್ಲಿ ಗಾಡಿಯ ನಂಬರನ್ನು ಹಾಕಿ ಹೆಸರು ನಿಜವಾಗಿ ಬದಲಾಗಿದೆಯೇ ಎಂದು ನೋಡಿಕೊಳ್ಳಬೇಕು.

ನಮ್ಮಲ್ಲಿ ಒಂದು ಕೆಟ್ಟ ಅಭ್ಯಾಸ ಬೇರೂರಿದೆ. ಕೊಳ್ಳುವವನ ಹೆಸರನ್ನೇ ಬರೆಯದೆ ಖಾಲಿ ಫಾರ್ಮುಗಳಿಗೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಡುವುದು. ದಲ್ಲಾಳಿ ಅದನ್ನು ಗಾಡಿಯ ಜತೆಗೇ ಮುಂದಿನವನಿಗೆ, ಅವನು ಅದರ ಮುಂದಿನವನಿಗೆ ದಾಟಿಸುತ್ತಾ ಹೋಗುತ್ತಾನೆ. ಪ್ರತಿಯೊಬ್ಬನಿಗೂ ವರ್ಗಾವಣೆಯ ಖರ್ಚು ಉಳಿಯುತ್ತದೆ, ಅಪಾಯವೆಲ್ಲ ಸಹಿ ಹಾಕಿದವರ ತಲೆಯ ಮೇಲೆ. ಹಳೆ ಗಾಡಿಗಳ ವ್ಯಾಪಾರಿಗಳು ಅಧಿಕಾರಪತ್ರ ಪಡೆದಿರಬೇಕು, ತಮ್ಮ ವಶಕ್ಕೆ ಬಂದ ಗಾಡಿಯ ವಿವರವನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದುದರಿಂದ ವ್ಯಾಪಾರಿಯ ಬಳಿ ಆ ಅಧಿಕಾರಪತ್ರ ಇದೆಯೇ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಕೇಳಿದ್ದಕ್ಕೆ ಮುನಿಸಿಕೊಳ್ಳುವವನ ಬಳಿ ಕೊಳ್ಳದಿರುವುದೇ ಲೇಸು.

ಇನ್ನು ಗಡಿಯ ಪ್ರಶ್ನೆ. ಕೆ.ಎ. 19, 21 ಅಥವಾ 70ರ ಗಾಡಿಯನ್ನು ತಂದು ಇಲ್ಲಿ ಕೆ.ಎಲ್. 14 ಮಾಡಿಸಬೇಕಾದರೆ ಮೊದಲು ಆ ಕಡೆಯ ಕಛೇರಿಯಿಂದ ನಿರಾಕ್ಷೇಪಣಾ ಪತ್ರ, ಎಲ್ಲರ ಬಾಯಲ್ಲಿರುವ ಎನ್.ಓ.ಸಿ., ಬರಬೇಕು. ಅದಕ್ಕೆ 28ನೇ ಫಾರ್ಮು. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನವರ ಒಪ್ಪಿಗೆಯೂ ಬೇಕು. ಸಾಲ ತೀರಿದ್ದರೆ 35ನೇ ಫಾರ್ಮು ಹಾಕಿ ಆರ್.ಸಿ.ಯಲ್ಲಿರುವ ಬ್ಯಾಂಕಿನ ಹೆಸರನ್ನು ತೆಗೆಸಿದ ಮೇಲೆಯೇ ಮುಂಗಡ ಕೊಡುವುದು ವಿವೇಕ. "ಸಾಲ ಮುಗಿದಿದೆ, ಪೇಪರು ಮತ್ತೆ ಕೊಡುತ್ತೇನೆ" ಎಂಬ ಮಾತಿಗೆ ಬೆಲೆಯಿಲ್ಲ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಹೊಸ ನಂಬರು ಪಡೆಯಲೇಬೇಕು. ಈ 12 ತಿಂಗಳ ಮಾತನ್ನು ಹಲವರು ತಪ್ಪಾಗಿ ಹಿಡಿದುಕೊಂಡಿದ್ದಾರೆ. ಅದು ನಂಬರಿಗೆ ಸಂಬಂಧಪಟ್ಟ ಅವಧಿಯೇ ಹೊರತು ತೆರಿಗೆಗೆ ಕೊಟ್ಟ ರಿಯಾಯಿತಿಯಲ್ಲ. ನಂಬರು ಬದಲಾಯಿಸುವಾಗ ಗಾಡಿಯ ವಯಸ್ಸಿಗೆ ತಕ್ಕಂತೆ ಕೇರಳದ ತೆರಿಗೆ ಕಟ್ಟಬೇಕಾಗುತ್ತದೆ. ಕರ್ನಾಟಕದಲ್ಲಿ ಮೊದಲೇ ಕಟ್ಟಿದ ಆಜೀವ ತೆರಿಗೆಯ ಉಳಿಕೆಯನ್ನು ಮರಳಿ ಪಡೆಯಲು ಅಲ್ಲಿ ಬೇರೆಯೇ ಅರ್ಜಿ. ಮಂಗಳೂರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಈ ಕೂಡು ಕಳೆಯುವ ಲೆಕ್ಕ ಮಾಡಿಕೊಂಡರೆ ಎಷ್ಟೋ ಸಲ ಅಗ್ಗವೆಂಬುದು ಕರಗಿಹೋಗುತ್ತದೆ.

ಗಾಡಿಯನ್ನು ನೋಡುವಾಗ ಚಾಸಿಯ ಮೇಲಿನ ನಂಬರನ್ನೂ ಇಂಜಿನಿನ ನಂಬರನ್ನೂ ಆರ್.ಸಿ.ಯ ಜತೆ ತಾಳೆ ನೋಡಬೇಕು. ಕುಂಬಳೆ, ಉಪ್ಪಳದಂಥ ಕಡಲ ಕರೆಯ ಊರಿನ ಗಾಡಿಯಾದರೆ ಬಣ್ಣಕ್ಕೆ ಮರುಳಾಗದೆ ಅಡಿಗೆ ಬಗ್ಗಿ ನೋಡಬೇಕು, ಉಪ್ಪುಗಾಳಿ ತಿನ್ನುವುದು ಅಡಿಯಿಂದ. 2018ರ ಆಗಸ್ಟಿನ ಮಹಾ ನೆರೆಯಲ್ಲಿ ಕೇರಳದಲ್ಲಿ ಮುಳುಗಿದ ಗಾಡಿಗಳೆಷ್ಟೋ. ನೀರು ಹೊಕ್ಕ ಗಾಡಿಯನ್ನು ತೊಳೆದು ಒರೆಸಿ ಮಾರುವವರು ಯಾವ ಕಾಲಕ್ಕೂ ಇರುತ್ತಾರೆ. ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಒಳತುದಿಯಲ್ಲಿ ಕೆಸರಿನ ಗುರುತು ಕಾಣಸಿಗಬಹುದು. ಸೀಟಿನಡಿಯ ಕಬ್ಬಿಣಕ್ಕೆ ಹಿಡಿದ ತುಕ್ಕೂ ಸುಳ್ಳು ಹೇಳುವುದಿಲ್ಲ. ಮೀಟರಿನಲ್ಲಿ ಕಾಣುವ ಕಿಲೋಮೀಟರಿಗಿಂತ ಸರ್ವೀಸ್ ಮಾಡಿದ ಹಳೆಯ ಬಿಲ್ಲುಗಳೇ ಹೆಚ್ಚು ನಂಬಿಕೆಗೆ ಅರ್ಹ. ಪರಿಚಯದ ಮೆಕ್ಯಾನಿಕನನ್ನು ಜತೆಗೆ ಕರೆದೊಯ್ದರೆ ಒಂದು ದಿನದ ಸಂಬಳ ಖರ್ಚಾದೀತು, ಅಷ್ಟೆ.

ಇನ್ಷೂರೆನ್ಸಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಗಾಡಿ ಕೈಬದಲಾದಾಗ ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ ಗಾಡಿಯ ಜತೆಗೇ ಹೊಸಬರಿಗೆ ಬರುತ್ತದೆಂದು ಕಾಯಿದೆ ಹೇಳುತ್ತದೆ. ಆದರೆ ಗಾಡಿಗೇ ಆಗುವ ನಷ್ಟದ ರಕ್ಷಣೆ ಹಾಗೆ ತಾನಾಗಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ಬಹಳ ಹಿಂದೆಯೇ ತಿಳಿಸಿದೆ. ಹಳೆಯ ಮಾಲಿಕರ ಹೆಸರಿನ ಪಾಲಿಸಿ ಹಿಡಿದುಕೊಂಡು, ಜಖಂ ಆದ ಕಾರಿನ ರಿಪೇರಿಯ ಹಣ ಕೇಳಲು ಹೋದರೆ ಬರಿಗೈಯಲ್ಲಿ ಬರಬೇಕಾದೀತು. ಕೊಂಡ 14 ದಿನಗಳೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು.

ಹೊಸ ಗಾಡಿಯಲ್ಲಿ ಇಷ್ಟೊಂದು ತೊಡಕಿಲ್ಲ. ಆದರೂ ಷೋರೂಮಿನ ತಂಪು ಕೋಣೆಯಲ್ಲಿ ಕುಳಿತಾಗ ನಮ್ಮವರು ಬಾಯಿ ಕಟ್ಟಿದವರಂತೆ ಆಗಿಬಿಡುತ್ತಾರೆ. ಇನ್ಷೂರೆನ್ಸನ್ನು ಅವರು ಹೇಳಿದ ಕಂಪೆನಿಯಿಂದಲೇ ತೆಗೆದುಕೊಳ್ಳಬೇಕೆಂಬ ಕಡ್ಡಾಯವಿಲ್ಲ. "ಹ್ಯಾಂಡ್ಲಿಂಗ್ ಚಾರ್ಜ್" ಎಂಬುದು ಸರಕಾರದ ತೆರಿಗೆಯಲ್ಲ. ಅದೇಕೆಂದು ಕೇಳುವ ಹಕ್ಕು ನಮಗಿದೆ. ಕೊಟ್ಟ ಪ್ರತಿ ರೂಪಾಯಿಗೂ ಬಿಲ್ಲು ಕೇಳಬೇಕು, ಬಿಲ್ಲು ಕೊಡದಿರುವುದೇ ಹೊಸ ಗ್ರಾಹಕ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎನಿಸಿಕೊಂಡಿದೆ. ದ್ವಿಚಕ್ರ ವಾಹನದ ಜತೆಗೆ ಹೆಲ್ಮೆಟ್ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ಇದೆ. ಮುಖ್ಯವಾಗಿ, 21ನೇ ಫಾರ್ಮಿನ ಮಾರಾಟ ಪತ್ರದಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಬರೆದಿರುತ್ತದೆ. ಹಣ ಕಟ್ಟುವ ಮೊದಲೇ ಅದನ್ನು ವಿಚಾರಿಸಿ. ಗೋವಾದ ಗ್ರಾಹಕರೊಬ್ಬರಿಗೆ 2011ರ ಮಾದರಿಗೆ ಬದಲಾಗಿ 2009ರಲ್ಲಿ ತಯಾರಾದ ಕಾರು ಸಿಕ್ಕಿತ್ತು. ಆ ಮೊಕದ್ದಮೆ 2021ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದಾಗ, ತನಗೆ ತಿಳಿಯದೆ ಡೀಲರು ಮಾಡಿದ ತಪ್ಪಿಗೆ ತಯಾರಕ ಕಂಪೆನಿ ಹೊಣೆಯಲ್ಲವೆಂದು ತೀರ್ಪಾಯಿತು. ಆದುದರಿಂದ ದೂರು ಕೊಡುವಾಗ ಡೀಲರನ್ನು ಬಿಟ್ಟು ದೊಡ್ಡ ಕಂಪೆನಿಯ ಹೆಸರನ್ನು ಮಾತ್ರ ಬರೆದರೆ ಕೆಲಸ ಕೆಟ್ಟೀತು.

ಹೊಸ ಗಾಡಿ ಪದೇ ಪದೇ ಕೆಟ್ಟರೆ "ಬೇರೆಯೇ ಗಾಡಿ ಕೊಡಿ" ಎನ್ನುವುದು ಸಹಜ. ಆದರೆ ವಾರಂಟಿಯಲ್ಲಿ ಸಾಮಾನ್ಯವಾಗಿ ಇರುವುದು ಕೆಟ್ಟ ಭಾಗವನ್ನು ಸರಿಪಡಿಸುವ ಅಥವಾ ಬದಲಾಯಿಸುವ ಭರವಸೆ ಮಾತ್ರ. 2006ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಾರಂಟಿಯ ಆ ಮಿತಿಯನ್ನೇ ಎತ್ತಿಹಿಡಿದು, ಕಾರು ಬದಲಾಯಿಸಿ ಕೊಡುವ ಆದೇಶದ ಬದಲು ಪರಿಹಾರದ ಹಣ ಕೊಡಿಸಿತು. ಗಾಡಿಯಲ್ಲಿ ತಯಾರಿಕೆಯದೇ ದೋಷ ಇದೆಯೆಂದು ತೋರಿಸಲು ಪರಿಣಿತರ ವರದಿ ಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಸಲ ಗಾಡಿ ಒಪ್ಪಿಸುವಾಗ ಜಾಬ್ ಕಾರ್ಡಿನಲ್ಲಿ ನಮ್ಮ ದೂರು ನಾವು ಹೇಳಿದಂತೆಯೇ ಬರೆದಿದೆಯೇ ಎಂದು ಓದಿ ಸಹಿ ಹಾಕಬೇಕು. "ಜನರಲ್ ಚೆಕಪ್" ಎಂದಷ್ಟೇ ಗೀಚಿದ ಹತ್ತು ಕಾರ್ಡುಗಳು ನ್ಯಾಯದ ಕಟ್ಟೆಯಲ್ಲಿ ಒಂದು ಕಾಸಿಗೂ ಬಾಳುವುದಿಲ್ಲ.

ಈಗ ನಮ್ಮ ಜಿಲ್ಲೆಯವರಿಗೆ ನಿಜಕ್ಕೂ ಸಂತೋಷದ ವಿಷಯವೊಂದನ್ನು ಹೇಳಬೇಕು. 1986ರ ಹಳೆಯ ಗ್ರಾಹಕ ಕಾಯಿದೆ ಇದ್ದಾಗ, ಮಂಗಳೂರಿನಲ್ಲಿ ಕೊಂಡ ಗಾಡಿಯ ಬಗ್ಗೆ ದೂರಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ಹೋಗಬೇಕಿತ್ತು. ವಾಯಿದೆ ವಾಯಿದೆಗೂ ಗಡಿ ದಾಟುವ ಖರ್ಚು, ಕೆಲಸ ಕೆಡುವುದು ಬೇರೆ. ಅನೇಕರು "ಹೋಗಲಿ ಬಿಡಿ" ಎಂದು ಸುಮ್ಮನಾಗುತ್ತಿದ್ದರು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯಿದೆಯಲ್ಲಿ, ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಮಂಗಳೂರಿನ ಡೀಲರು ಕಾಸರಗೋಡಿಗೆ ಬಂದು ಉತ್ತರ ಹೇಳಬೇಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗ ಸಾಕು. ಬೆಲೆ 5 ಲಕ್ಷದವರೆಗಾದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರಿಲ್ಲದೆ ತಾವೇ ವಾದಿಸಲೂಬಹುದು. ಮೊದಲು ರಾಜಿಗೆ ಪ್ರಯತ್ನಿಸುವವರಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಬಾಡಿಗೆಗೆ ಓಡಿಸುವ ಗಾಡಿಯಾದರೆ ಗ್ರಾಹಕನಲ್ಲ ಎಂಬ ಮಾತು ಅರ್ಧ ಸತ್ಯ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆಂದೇ ಆಟೋರಿಕ್ಷಾವನ್ನೋ ಪಿಕಪ್ಪನ್ನೋ ಕೊಂಡವನನ್ನು ಕಾಯಿದೆ ಗ್ರಾಹಕನೆಂದೇ ಕರೆಯುತ್ತದೆ. ಆದರೆ ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ, ಎಂದರೆ ನೆಂಟರಿಂದಲೋ ನೆರೆಯವರಿಂದಲೋ ಕೊಂಡ ಹಳೆ ಗಾಡಿಗೆ ಈ ಆಯೋಗದ ನೆರವನ್ನು ನೆಚ್ಚುವಂತಿಲ್ಲ. ಅಲ್ಲಿ ಕೈಹಿಡಿಯುವುದು ಬರೆದ ಕರಾರು, ಬ್ಯಾಂಕಿನ ಮೂಲಕ ಕೊಟ್ಟ ಹಣದ ದಾಖಲೆ ಇವೇ. ಪರಿಚಯ ಹೆಚ್ಚಾದಷ್ಟೂ ಕಾಗದ ಗಟ್ಟಿಯಾಗಿರಬೇಕು ಎಂದು ನಾವು ಹೇಳುವುದು ಇದಕ್ಕೇ.

ಭಾಷೆಯ ತೊಡಕಿನ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಸಾಲದ ಕರಾರು ಇಂಗ್ಲಿಷಿನಲ್ಲಿ, ಕಛೇರಿಯ ಫಲಕ ಮಲಯಾಳದಲ್ಲಿ, ನಮ್ಮ ಅಜ್ಜಂದಿರಿಗೆ ಬರುವುದು ಕನ್ನಡ ಮಾತ್ರ. ಓದಲಾರದ ಕಾಗದಕ್ಕೆ "ಇಲ್ಲಿ ಸಹಿ ಹಾಕಿ" ಎಂದರೆ ಹಾಕಬೇಡಿ. ಒಂದು ದಿನ ಮನೆಗೆ ತಂದು ಕಾಲೇಜಿಗೆ ಹೋಗುವ ಮಕ್ಕಳಿಂದಾದರೂ ಓದಿಸಿ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಆರ್.ಟಿ.ಓ. ಕಛೇರಿಗೆ ಕೊಡುವ ದೂರನ್ನು ಕನ್ನಡದಲ್ಲಿ ಬರೆದು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಗ್ರಾಹಕ ಆಯೋಗದ ದೂರಿಗಾದರೆ, ನಡೆದ ಸಂಗತಿಯನ್ನು ತಾರೀಕಿನ ಸಮೇತ ಮೊದಲು ಕನ್ನಡದಲ್ಲಿ ಬರೆದಿಟ್ಟುಕೊಂಡು ಇಂಗ್ಲಿಷ್ ಬಲ್ಲವರಿಂದ ಅನುವಾದ ಮಾಡಿಸುವುದು ಅನುಕೂಲ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಧಿ. ಅದು ಕಳೆದ ಮೇಲೆ ಹೋದವರು ತಡವೇಕಾಯಿತೆಂಬುದಕ್ಕೆ ಒಪ್ಪತಕ್ಕ ಕಾರಣವನ್ನೂ ಜತೆಗೆ ಬರೆದುಕೊಡಬೇಕಾಗುತ್ತದೆ.