‘ಸ್ಮೃತಿ’ ಶಬ್ದದ ಮೂಲ ಮತ್ತು ಪ್ರಾಕೃತ ಪ್ರತಿಗಳಲ್ಲಿ ಅದರ ರೂಪ

‘ಸ್ಮೃತಿ’ ಎಂದೊಡನೆ ವೈದಿಕ ಪರಂಪರೆಯವರಿಗೆ ಧರ್ಮಶಾಸ್ತ್ರವು ತೋರುತ್ತದೆ. ಜೈನ ತಾರ್ಕಿಕರಿಗೆ ಅದು ಜ್ಞಾನದ ಒಂದು ಭೇದ. ಪಾಣಿನೀಯ ಧಾತುಪಾಠದಲ್ಲಿ ‘ಸ್ಮೃ’ ಧಾತುವಿಗೆ ಚಿಂತೆ ಮತ್ತು ಆಧ್ಯಾನ, ಎಂದರೆ ಉತ್ಕಂಠೆಯಿಂದ ನೆನೆಯುವುದು, ಎಂಬ ಎರಡು ಅರ್ಥಗಳುಂಟು. ಮನ್ಮಥನಿಗೆ ‘ಸ್ಮರ’ನೆಂಬ ಹೆಸರು ಸಂದುದು ಎರಡನೆಯ ಅರ್ಥದಿಂದಲೇ ಇರಬೇಕು. ಅವೆಸ್ತಾ ಭಾಷೆಯ ‘ಮರ್’ ಧಾತುವು ಇದರ ಸಜಾತೀಯ. ಅಲ್ಲಿ ನೆನೆಯುವುದಕ್ಕೂ ಪಠಿಸುವುದಕ್ಕೂ ಅದೊಂದೇ ಧಾತು.

ತತ್ತ್ವಾರ್ಥಸೂತ್ರದಲ್ಲಿ ಸ್ಮೃತಿಯು ಮತಿಜ್ಞಾನದ ಪರ್ಯಾಯಗಳಲ್ಲೊಂದು. ಮೊದಲೇ ಅರಿತುದನ್ನು ಅರಿಯುವುದರಿಂದ ಅದು ಪ್ರಮಾಣವಲ್ಲವೆಂದು ನೈಯಾಯಿಕರೂ ಮೀಮಾಂಸಕರೂ ಬೌದ್ಧರೂ ತಳ್ಳಿಹಾಕಿದರು. ಅಕಲಂಕದೇವರು ಮಾತ್ರ ಅದನ್ನು ಪರೋಕ್ಷಪ್ರಮಾಣದಲ್ಲಿ ನೆಲೆಗೊಳಿಸಿದರು. ಸ್ಮೃತಿಯನ್ನು ಬಿಟ್ಟರೆ ವ್ಯಾಪ್ತಿಸ್ಮರಣೆಯಿಲ್ಲ, ವ್ಯಾಪ್ತಿಸ್ಮರಣೆಯಿಲ್ಲದೆ ಅನುಮಾನವಿಲ್ಲ. ಆಕ್ಷೇಪಿಸುವವನ ವಾದವೂ ನಿಲ್ಲುವುದಿಲ್ಲ.

ಇಷ್ಟು ತೂಕದ ಪದವು ಪ್ರಾಕೃತಕ್ಕೆ ಬಂದಾಗ ಬಹಳ ಸವೆಯಿತು. ಪದಾದಿಯ ‘ಸ್ಮ’ಕಾರದಲ್ಲಿ ಮಕಾರ ಬಿದ್ದುಹೋಗಿ ‘ಸ್ಮರಣ’ವು ‘ಸರಣ’ವಾಯಿತು, ‘ಶರಣ’ವೂ ಅಲ್ಲಿ ‘ಸರಣ’ವೇ. ಸ್ವರಭಕ್ತಿಯಿಂದ ಬಂದ ‘ಸುಮರಣ’ದಲ್ಲಿ ಈ ತೊಡಕಿಲ್ಲ. ಹೇಮಚಂದ್ರಾಚಾರ್ಯರಂತೂ ‘ವಿಮ್ಹರ’ವನ್ನು ಸ್ಮರಿಸುವುದಕ್ಕೂ ವಿಸ್ಮರಿಸುವುದಕ್ಕೂ ಆದೇಶವೆಂದು ಹೇಳಿದ್ದಾರೆ! ಸಮಾಸದ ಒಳಗೆ ಮಕಾರವು ಪೂರ್ತಿ ಅಳಿಯದೆ ಸಕಾರದ ದ್ವಿತ್ವವಾಗಿ ಉಳಿಯುತ್ತದೆ. ಷಟ್ಖಂಡಾಗಮದ ಜೀವಸ್ಥಾನ ಚೂಲಿಕೆಯಲ್ಲಿ ‘ಜಾತಿಸ್ಮರ’ ಎಂಬುದರ ರೂಪ ‘ಜಾಇಸ್ಸರ’.

ಲಿಪಿಯ ಪ್ರಶ್ನೆ ಇಲ್ಲಿಯೇ ಬರುತ್ತದೆ. ಮೂಡಬಿದಿರೆಯ ಧವಲಾ ತಾಳೆಯೋಲೆಗಳು ಹಳಗನ್ನಡ ಲಿಪಿಯವು. 1939ರಲ್ಲಿ ಅಮರಾವತಿಯಿಂದ ಹೊರಬರತೊಡಗಿದ ಹೀರಾಲಾಲ ಜೈನರ ಆವೃತ್ತಿಗೆ ಮೂಲಾಧಾರ ಈ ಪರಂಪರೆಯೇ. ಕನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ಅಕ್ಷರದ ಹಿಂದಿನ ಸೊನ್ನೆಯು ಅನುಸ್ವಾರವೂ ಆಗಬಹುದು, ಮುಂದಿನ ವ್ಯಂಜನದ ದ್ವಿತ್ವವೂ ಆಗಬಹುದು. ‘ಜಾಇಂಸರ’ ಎಂದು ಬರೆದಲ್ಲಿ ಅನುಸ್ವಾರವೆಂದು ಹಿಡಿದರೆ ‘ಜಾಇಂ’ ದ್ವಿತೀಯೆಯಾಗಿ ಸಮಾಸವೇ ಒಡೆಯುತ್ತದೆ. ಲಿಪಿಕಾರನು ಸೊನ್ನೆಯನ್ನು ಬಿಟ್ಟುಬಿಟ್ಟರೆ ಇನ್ನೂ ಕಷ್ಟ: ಒಂಟಿ ಸಕಾರದ ‘ಸರ’ವು ಬಾಣವೂ ಆಗಬಹುದು, ಸರಸ್ಸೂ ಆಗಬಹುದು.

ಇದು ಕೇವಲ ಕಾಗುಣಿತದ ಮಾತಲ್ಲ. ಮೊದಲ ಮೂರು ನರಕಗಳಲ್ಲಿ ಪ್ರಥಮ ಸಮ್ಯಕ್ತ್ವಕ್ಕೆ ಜಾತಿಸ್ಮರಣ, ಧರ್ಮಶ್ರವಣ, ವೇದನೆಗಳು ಕಾರಣಗಳು. ನಾಲ್ಕನೆಯದರಿಂದ ಏಳನೆಯದರವರೆಗೆ ಧರ್ಮಶ್ರವಣವಿಲ್ಲ. ಧರ್ಮವನ್ನು ತಿಳಿಸಬಲ್ಲ ದೇವತೆಗಳು ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ನೋವಿನ ಜೊತೆಗೆ ಜೀವಕ್ಕೆ ಉಳಿಯುವುದು ತನ್ನ ಹಿಂದಿನ ಜನ್ಮದ ನೆನಪೊಂದೇ. ಓಲೆಯ ಮೇಲೆ ಆ ನೆನಪು ನಿಂತಿರುವುದು ಒಂದು ಸೊನ್ನೆಯ ಮೇಲೆ. ಪ್ರತಿಯೆತ್ತುವವರು ಅದನ್ನು ಇದ್ದಂತೆಯೇ ಬರೆದುಕೊಂಡು, ದ್ವಿತ್ವದ ನಿರ್ಣಯವನ್ನು ಪಾಠಾಂತರಗಳ ನಡುವೆ ಬೇರೆಯಾಗಿ ನಮೂದಿಸುವುದು ಉಚಿತ.