ಸೊನ್ನೆ ಟಿಕೆಟ್ಟಿನ ಲೆಕ್ಕ

ಸೆಪ್ಟೆಂಬರ್ 5, ಶುಕ್ರವಾರ, ಈದ್ ಮಿಲಾದ್ ರಜೆ. ಶನಿವಾರ ಒಂದು ದಿನ ರಜೆ ಕೇಳಿಕೊಂಡರೆ ಭಾನುವಾರ ಸೇರಿ ಮೂರು ದಿನ. ಹಿಂದಿನ ದಿನ ಸಂಜೆಯೇ ನಮ್ಮ ಹಾಸ್ಟೆಲ್ ಅರ್ಧ ಖಾಲಿಯಾಗಿತ್ತು. ನಾನೂ ಬ್ಯಾಗು ಹೆಗಲಿಗೆ ಹಾಕಿಕೊಂಡು ವಿಜಯಪುರದ ಬಸ್ ಸ್ಟ್ಯಾಂಡಿಗೆ ಬಂದೆ. ಊರು ಅನಗವಾಡಿ, ಬೀಳಗಿ ತಾಲೂಕು, ಘಟಪ್ರಭಾ ದಂಡೆ. ಹುಬ್ಬಳ್ಳಿ ಕಡೆ ಹೋಗುವ ಹೆದ್ದಾರಿಯಲ್ಲೇ ಇದೆ.

ಮಿಲಾದ್ ರಜೆಗೆ ಒಂದು ಅನುಕೂಲವಿದೆ. ರಬೀವುಲ್ ಅವ್ವಲ್ ಚಂದ್ರ ಕಂಡ ಮೇಲೆ ಹನ್ನೆರಡನೆಯ ದಿನ ಹಬ್ಬ, ಆದ್ದರಿಂದ ತಾರೀಖು ಹತ್ತು ದಿನ ಮೊದಲೇ ಗೊತ್ತಾಗುತ್ತದೆ. ಬಕ್ರೀದಿಗೂ ಹಾಗೆಯೇ. ರಮಜಾನ್ ಈದಿಗೆ ಮಾತ್ರ ಹಿಂದಿನ ರಾತ್ರಿಯವರೆಗೆ ಖಾತ್ರಿ ಇಲ್ಲ, ಚಂದ್ರ ಕಂಡಿತು ಎಂದ ಕೂಡಲೇ ಎಲ್ಲರೂ ಒಂದೇ ಬಸ್ಸಿಗೆ ನುಗ್ಗುತ್ತಾರೆ.

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ನೋಡಿ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಹತ್ತಿದ ಊರು, ಇಳಿಯುವ ಊರು, ದರ ಸೊನ್ನೆ. ನಾವು ಹುಡುಗಿಯರು ಇದನ್ನು ನೋಡದೆಯೇ ಮಡಚಿ ಪರ್ಸಿಗೆ ಹಾಕುತ್ತೇವೆ, ಕೆಲವರು ಕಿಟಕಿಯಿಂದ ಹೊರಗೆ ಎಸೆಯುತ್ತಾರೆ. ಕಾಮರ್ಸ್ ವಿದ್ಯಾರ್ಥಿನಿಯಾಗಿ ನಾನು ಈ ಸಲ ಆ ಚೀಟಿಯ ಬಗ್ಗೆ ಬರೆಯುತ್ತೇನೆ ಎಂದು ಆ ಬಸ್ಸಿನಲ್ಲೇ ತೀರ್ಮಾನಿಸಿದೆ.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಕರ್ನಾಟಕದ ನಿವಾಸಿ ಮಹಿಳೆಯರು ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹಣ ಕೊಡದೆ ಹೋಗಬಹುದು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಇಲ್ಲ. ಸೊಲ್ಲಾಪುರಕ್ಕೆ ಹೋಗುವ ಗೆಳತಿಯರಿಗೂ ಇಲ್ಲ, ಅದು ಬೇರೆ ರಾಜ್ಯ. ನಮ್ಮ ದಾರಿಯಲ್ಲಿ ಎರಡು ನಿಗಮಗಳ ಬಸ್ಸು ಓಡುತ್ತವೆ: ವಿಜಯಪುರ ಡಿಪೋದವು ಕಲ್ಯಾಣ ಕರ್ನಾಟಕ ಸಾರಿಗೆಯವು, ಬಾಗಲಕೋಟೆ, ಹುಬ್ಬಳ್ಳಿ ಕಡೆಯವು ವಾಯವ್ಯ ಕರ್ನಾಟಕ ಸಾರಿಗೆಯವು. ಎರಡರಲ್ಲೂ ಸೊನ್ನೆಯೇ. ಹತ್ತುವ ಮೊದಲು ಒಂದು ಮಾತು ಕೇಳಿಕೊಳ್ಳಿ: ನಿಮ್ಮ ಊರಿನಲ್ಲಿ ಆ ಎಕ್ಸ್‌ಪ್ರೆಸ್ ನಿಲ್ಲುತ್ತದೆಯೋ ಇಲ್ಲವೋ.

ದರ ಸೊನ್ನೆ ಎಂದರೆ ಖರ್ಚು ಸೊನ್ನೆ ಅಲ್ಲ. ಡೀಸೆಲ್, ಟೈರು, ಚಾಲಕರ ಸಂಬಳ ಎಲ್ಲವೂ ಇದ್ದೇ ಇವೆ. ಸೊನ್ನೆ ಟಿಕೆಟ್ಟಿನಲ್ಲಿ ನಾವು ಎಷ್ಟು ದೂರ ಹೋದೆವು ಎನ್ನುವುದು ದಾಖಲಾಗುತ್ತದೆ, ಆ ಲೆಕ್ಕದ ಮೇಲೆ ಸರಕಾರ ನಿಗಮಕ್ಕೆ ಹಣ ತುಂಬಿಕೊಡಬೇಕು. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಆ ಹಣ ಬರುವ ತನಕ ನಿಗಮದ ಪುಸ್ತಕದಲ್ಲಿ ಸರಕಾರ ಒಬ್ಬ ಋಣಿ. ಟಿಕೆಟ್ ತೆಗೆದುಕೊಳ್ಳದೆ ಕುಳಿತರೆ ನಾವು ಹೋದದ್ದೇ ಲೆಕ್ಕಕ್ಕೆ ಬರುವುದಿಲ್ಲ. 2025ರ ಜುಲೈ 14ಕ್ಕೆ ಇಂಥ ಟಿಕೆಟ್ಟುಗಳು 500 ಕೋಟಿ ಮುಟ್ಟಿದವು. ಮುಂದಿನ ತಿಂಗಳೇ, ಆಗಸ್ಟ್ 5ರಂದು, ಸಾರಿಗೆ ನೌಕರರು 38 ತಿಂಗಳ ವೇತನ ಬಾಕಿ ಕೇಳಿ ಮುಷ್ಕರ ಹೂಡಿದರು. ಎರಡೂ ಸುದ್ದಿಯನ್ನು ಒಟ್ಟಿಗೆ ಓದಿದ ಮೇಲೆ ನನಗೆ ಚೀಟಿ ಎಸೆಯಲು ಮನಸ್ಸಾಗಲಿಲ್ಲ.

ನಮ್ಮ ಕ್ಲಾಸಿನ ಹುಡುಗರು ಇಲ್ಲಿಗೆ ಬಂದಾಗ ಮುಖ ಊದಿಸಿಕೊಂಡಿರುತ್ತಾರೆ, ಗೊತ್ತು. ಜನವರಿ 5ರಿಂದ ಟಿಕೆಟ್ ದರ ಶೇ. 15 ಏರಿದ್ದು ಅವರ ಜೇಬಿಗೆ ತಾಗಿದೆ, ನಮಗೆ ತಾಗಿಲ್ಲ. ರಜೆಯ ಹಿಂದಿನ ದಿನ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗದಿದ್ದಾಗ ಅವರು ಗೊಣಗುವುದರಲ್ಲಿ ತಪ್ಪೇನಿಲ್ಲ. ಗಂಡಸರಿಗೆ ಅರ್ಧ ಸೀಟು ಮೀಸಲು ಎಂಬ ನಿಯಮವಿದೆ. ಕಿಕ್ಕಿರಿದ ಬಸ್ಸಿನಲ್ಲಿ ಅದನ್ನು ಯಾರು ಎಣಿಸುತ್ತಾರೆ?

ಈಗ ನಮ್ಮ ಮನೆಯ ಲೆಕ್ಕ. ಲೆಕ್ಕ ಸುಲಭವಾಗಲಿ ಎಂದು ಅನಗವಾಡಿಗೆ ಒಂದು ಸಲಕ್ಕೆ ನೂರು ರೂಪಾಯಿ ಎಂದು ಹಿಡಿಯೋಣ. ಹೋಗಿ ಬಂದರೆ 200. ತಿಂಗಳಿಗೆ ಎರಡು ಸಲ, ಹತ್ತು ತಿಂಗಳು: 4,000. ಅಬ್ಬಾ ಕ್ರಾಸಿನಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುತ್ತಾರೆ. ಮಳೆ ಚೆನ್ನಾಗಿ ಬಂದ ವರ್ಷ ಅವರಿಗೆ ಕೆಲಸ ಕಡಿಮೆ. ನನ್ನನ್ನು ಇಲ್ಲಿಗೆ ಕಳಿಸುವಾಗ ಅವರು ಹಾಕಿದ ಷರತ್ತು ಒಂದೇ: "ಹದಿನೈದು ದಿನಕ್ಕೊಮ್ಮೆ ನಿನ್ನ ಮುಖ ತೋರಿಸಬೇಕು."

ಇದೇ ಷರತ್ತು 2019ರಲ್ಲಿ ನಮ್ಮ ಆಪಾಗೂ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅವಳ ಅಂಕ ನನಗಿಂತ ಹೆಚ್ಚು. ಹಾಸ್ಟೆಲ್ಲಿಗೆ ಮಾಮು ಸಹಾಯ ಮಾಡುತ್ತೇನೆ ಎಂದಿದ್ದರು. ಅಬ್ಬಾ ಎರಡು ರಾತ್ರಿ ಪೆನ್ನು ಹಿಡಿದು ಲೆಕ್ಕ ಹಾಕಿದರಂತೆ. ಅವಳು ಒಬ್ಬಳೇ ಬರುವಂತಿರಲಿಲ್ಲ, ಕರೆದುಕೊಂಡು ಬರಲು ಅಮ್ಮಿಯೋ ಅಬ್ಬಾನೋ ಹೋಗಬೇಕು. ಅಂದರೆ ಒಂದು ರಜೆಗೆ ಇಬ್ಬರ ಟಿಕೆಟ್ಟು, ಅದೂ ಕರೆತರಲು ಒಮ್ಮೆ, ಬಿಟ್ಟುಬರಲು ಒಮ್ಮೆ. ಲೆಕ್ಕ ಕೂಡಲಿಲ್ಲ. ಆಪಾ ಹೊಲಿಗೆ ಕಲಿತಳು. ಬರೀ ಬಸ್ಸಿನ ದುಡ್ಡಿಗಾಗಿ ಓದು ನಿಂತಿತು ಎಂದು ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳು ದೂರ ಹೋಗಿ ಓದಬೇಕೇ ಎಂಬ ಮಾತೂ ಮನೆಯಲ್ಲಿತ್ತು. ಆದರೆ ಆ ಮಾತಿಗೆ ಬೆಂಬಲವಾಗಿ ನಿಂತದ್ದು ಆ ಲೆಕ್ಕದ ಹಾಳೆ. ನನ್ನ ಸರದಿ ಬಂದಾಗ ಹಾಳೆಯೇ ಇರಲಿಲ್ಲ. ಅಮ್ಮಿ ಹೇಳಿದರು, "ಟಿಕೆಟ್ ಇಲ್ಲವಲ್ಲ, ನಾನೇ ಹೋಗಿ ಬರುತ್ತೇನೆ." ಅಬ್ಬಾಗೆ ಉತ್ತರ ಹೊಳೆಯಲಿಲ್ಲ.

ಮೊದಲ ಎರಡು ತಿಂಗಳು ಅಮ್ಮಿಯೇ ಬಂದರು. ಬುರ್ಖಾದೊಳಗೆ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು, ಬರುವಾಗ ನನಗೆ ಬುತ್ತಿ, ಹೋಗುವಾಗ ಮನೆಗೆ ಕೊಲ್ಹಾರದ ಗಡಿಗೆ ಮೊಸರು. ಅದಕ್ಕೂ ಮೊದಲು ಅವರು ವಿಜಯಪುರಕ್ಕೆ ಒಬ್ಬರೇ ಬಂದದ್ದಿಲ್ಲ. ಈಗ ನಾನೇ ಓಡಾಡುತ್ತೇನೆ, ಆದರೂ ಅಮ್ಮಿ ಆಗಾಗ ನೆಪ ಮಾಡಿಕೊಂಡು ಬರುತ್ತಾರೆ.

ಆ ಗುರುವಾರ ಕೊಲ್ಹಾರ ದಾಟಿ ಕೃಷ್ಣೆಯ ದೊಡ್ಡ ಸೇತುವೆಗೆ ಬಂದಾಗ ಮಗ್ರಿಬ್ ಹೊತ್ತು. ಆಲಮಟ್ಟಿಯ ಹಿನ್ನೀರು ಎರಡೂ ಬದಿಗೆ ಕಣ್ಣು ಹೋದಷ್ಟು ದೂರ ತುಂಬಿ ನಿಂತಿತ್ತು. ನಾನು ನಿಂತೇ ಇದ್ದೆ, ಸೀಟು ಸಿಕ್ಕಿರಲಿಲ್ಲ. ಊರಿನಲ್ಲಿ ಇಳಿದಾಗ ಅಬ್ಬಾ ಅಂಗಡಿ ಮುಚ್ಚಿ ಟಾರ್ಚ್ ಹಿಡಿದು ಕಾಯುತ್ತಿದ್ದರು.

ಮೂರು ದಿನ ಎನ್ನುತ್ತೇವೆ, ನಿಜಕ್ಕೂ ಅದು ಬಹಳ ಸಣ್ಣದು. ಒಂದು ದಿನ ಹಬ್ಬ, ಒಂದು ದಿನ ಬಟ್ಟೆ ಒಗೆಯುವುದು ಮತ್ತು ದಾದಿಯ ಕಾಲು ಒತ್ತುವುದು, ಉಳಿದದ್ದು ನಿದ್ದೆ. ಶನಿವಾರ ರಾತ್ರಿ ಆಪಾ ಹೊಲಿಗೆ ಮಷೀನಿನ ಮುಂದೆ ಕುಳಿತು ನನ್ನ ಚೂಡಿದಾರದ ತೋಳು ಸರಿಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಕಾಲೇಜಿಗೆ ಹೋಗದೆ ಪಿಯುಸಿ ಪರೀಕ್ಷೆ ಕಟ್ಟಬಹುದಂತಲ್ಲ, ಹೌದಾ?"

ಹೌದು, ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು ಎಂದೆ. ಕಲಾ ಮತ್ತು ವಾಣಿಜ್ಯ ವಿಭಾಗಕ್ಕೆ ಆ ಅವಕಾಶ ಇದೆ. ಅರ್ಜಿ, ಶುಲ್ಕ, ಕೊನೆಯ ದಿನ ಇವೆಲ್ಲ ಆಫೀಸಿನಲ್ಲಿ ಕೇಳಬೇಕು ಎಂದೆ. ಅವಳು ದಾರ ಕತ್ತರಿಸಿ, "ಸೋಮವಾರ ಮುಂಜಾನೆ ಬಸ್ಸು ಎಷ್ಟಕ್ಕೆ?" ಎಂದಳು.

ಮೊದಲ ಬಸ್ಸಿಗೇ ಹತ್ತಿದೆವು. ಕಂಡಕ್ಟರ್ ಎರಡು ಚೀಟಿ ಕೊಟ್ಟರು. ಆಪಾ ತನ್ನದನ್ನು ಎರಡು ಸಲ ಓದಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟಿದ್ದ ಫೈಲಿನೊಳಗೆ ಸೇರಿಸಿದಳು.