ಎನಾಮಲ್ ಲೇಪದ ಹಳೆಯ ಪಾತ್ರೆ: ಪರೀಕ್ಷೆ ಮತ್ತು ಶುದ್ಧಿ

ವಿದೇಶದಲ್ಲಿರುವ ಮಗನ ಮನೆಗೆ ಹೋಗಿಬಂದ ತಾಯಿಯೊಬ್ಬರು ಭಾರವಾದ ಕೆಂಪು ಪಾತ್ರೆಯೊಂದನ್ನು ಚಿಕಿತ್ಸಾಲಯಕ್ಕೆ ತಂದಿದ್ದರು. ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಒಳಗೆಲ್ಲ ಕರಿಕಲು. “ಡಾಕ್ಟ್ರೇ, ಇದರಲ್ಲಿ ಕಷಾಯ ಕಾಸಬಹುದೇ?” ಎಂದು ಕೇಳಿದರು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯವು ತುಪ್ಪಕ್ಕೆ ಕಬ್ಬಿಣದ ಪಾತ್ರೆಯನ್ನೂ ಹುಳಿ ಮಜ್ಜಿಗೆಯಂತಹವುಗಳಿಗೆ ಕಲ್ಲಿನ ಪಾತ್ರೆಯನ್ನೂ ವಿಧಿಸುತ್ತದೆ. ಹುಳಿಯು ಕಬ್ಬಿಣವನ್ನು ಕರಗಿಸುತ್ತದೆ. ಎನಾಮಲ್ ಎಂದರೆ ಗಾಜಿನ ಪುಡಿಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಲೋಹದ ಮೇಲೆ ಕರಗಿಸಿ ಕೂಡಿಸಿದ ಲೇಪ. ಅದು ಅಖಂಡವಾಗಿರುವವರೆಗೆ ಇಂತಹ ಪಾತ್ರೆಯು ಗುಣದಲ್ಲಿ ನಮ್ಮ ಕಲ್ಲಿನ ಮರಿಗೆಗೆ ಸಮೀಪವಾದುದು.

ಗುರುತಿಸುವುದು ಸುಲಭ. ಎರಕದ ಕಬ್ಬಿಣವಾದುದರಿಂದ ತೂಕ ಹೆಚ್ಚು, ಅಯಸ್ಕಾಂತ ಅಂಟುತ್ತದೆ. ನಮ್ಮಲ್ಲಿದ್ದ ಪಿಂಗಾಣಿ ತಟ್ಟೆಗಳು ತೆಳು ತಗಡಿನವು, ಅವು ಬೇರೆ. ಫ್ರಾನ್ಸಿನಲ್ಲಿ 1925ರಲ್ಲಿ ಆರಂಭವಾದ ಲ ಕ್ರೂಸೆಯ ದುಂಡು ಪಾತ್ರೆಗಳ ಮೇಲಿನ 24, 26 ಎಂಬ ಅಂಕೆಗಳು ಸೆಂಟಿಮೀಟರಿನಲ್ಲಿ ವ್ಯಾಸವನ್ನು ತಿಳಿಸುತ್ತವೆ. ಕೆಲವುಗಳ ಒಳಮೈ ಮಬ್ಬು ಕಪ್ಪಾಗಿರುತ್ತದೆ. ಅದೂ ಎನಾಮಲ್ಲೇ; ಮಸಿಯೆಂದು ಕೆರೆಯಬಾರದು. ಅನುಮಾನವಿದ್ದರೆ ಒದ್ದೆ ಮಾಡಿ ರಾತ್ರಿಯಿಡೀ ಬಿಡಿರಿ. ಬರಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಲೇಪ ಹಿಡಿಯದು.

ಹಿತ್ತಾಳೆ ತಿಕ್ಕಿದ ಕೈಗೆ ಇಟ್ಟಿಗೆಪುಡಿ, ಹುಣಸೆಹಣ್ಣು ರೂಢಿ. ಇಲ್ಲಿ ಅವೆರಡೂ ಬೇಡ. ತಂತಿಯ ಉಜ್ಜುಗ, ಆಮ್ಲದ ದ್ರಾವಣಗಳಂತೂ ಸಲ್ಲವು. ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ತಾನಾಗಿ ಆರಲು ಬಿಟ್ಟು, ಮರದ ಸೌಟಿನಿಂದ ಮೆಲ್ಲನೆ ಕೆರೆಯಿರಿ. ಬೇಕಾದರೆ ಮರುದಿನ ಮತ್ತೊಮ್ಮೆ. ಕಾದ ಪಾತ್ರೆಗೆ ತಣ್ಣೀರು ಸುರಿಯಬಾರದು. ಗಾಜು ಮತ್ತು ಕಬ್ಬಿಣ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಲೇಪ ಬಿರಿಯುತ್ತದೆ. ಅವಸರದಲ್ಲಿ ನಾನೇ ಹೀಗೊಂದು ಬಾಣಲೆ ಕೆಡಿಸಿದ್ದೇನೆ. ಕೊನೆಗೂ ಉಳಿಯುವ ಕಂದು ಕಲೆಯಿಂದ ಅಪಾಯವಿಲ್ಲ.

ಅಪಾಯವಿರುವುದು ಎರಡು ಕಡೆ. ಒಳಗೆ ಲೇಪ ಚಕ್ಕೆಯೆದ್ದಿದ್ದರೆ ಗಾಜಿನ ಚೂರು ಆಹಾರಕ್ಕೆ ಬೀಳಬಹುದು. ಹಳೆಯ ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆಯಿದೆ. ಹುಳಿ ಅವನ್ನು ಹೊರತೆಗೆಯಬಲ್ಲದು. ಸೀಸವು ಮಕ್ಕಳ ಮಿದುಳಿಗೂ ಗರ್ಭಸ್ಥ ಶಿಶುವಿಗೂ ಹಾನಿಕರ. ಆದ್ದರಿಂದ ಒಳಮೈಗೇ ಇಂತಹ ಬಣ್ಣವಿದ್ದು ಮೂಲ ತಿಳಿಯದಿದ್ದರೆ, ಪ್ರಯೋಗಾಲಯದ ಪರೀಕ್ಷೆಯಾಗುವವರೆಗೆ ಅದರಲ್ಲಿ ಅಡುಗೆ ಬೇಡ.

ಆ ತಾಯಿಯ ಪಾತ್ರೆಯ ಒಳಮೈ ಕೆನೆಬಣ್ಣದ್ದು. ಎರಡು ದಿನದ ಸೋಡಾ ಕುದಿತಕ್ಕೆ ಕರಿಕಲು ಹೋಯಿತು. ಅದರಡಿ ಉಗುರಿನಷ್ಟಗಲ ಲೇಪ ಎದ್ದದ್ದು ಕಂಡಿತು. ಕಷಾಯವನ್ನು ಸ್ಟೀಲ್ ಪಾತ್ರೆಯಲ್ಲೇ ಕಾಸಿರಿ ಎಂದೆ. ಅಷ್ಟು ದೂರದಿಂದ ಹೊತ್ತು ತಂದದ್ದಲ್ಲವೇ, ಅವರಿಗೆ ಬೇಸರವಾಯಿತು.